ಎಲ್ ಬೋರ್ಡ್ ಕಾರಿನಲ್ಲಿ ಹನಿಮೂನು

ನಮ್ಮ ಪಾರ್ಲರಿನ ಹಿಂದಿನ ಗಲ್ಲಿಯಲ್ಲಿ ಒಂದು ಹಿಟ್ಟಿನ ಗಿರಣಿಯಿದೆ. ಮೊನ್ನೆ ಮಧ್ಯಾಹ್ನ ಅಲ್ಲಿ ಯಾರೋ ಕಡುಬಿಗೆ ಅಕ್ಕಿ ತರಿ ಮಾಡಿಸುತ್ತಿದ್ದರು. ಬಿಸಿಬಿಸಿ ತರಿಯ ಘಮ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಗಿರಾಕಿಯ ಹುಬ್ಬಿಗೆ ದಾರ ಹಿಡಿದಿದ್ದ ನನ್ನ ಕೈ ನಿಂತೇಹೋಯಿತು. "ಎಂತಾಯ್ತು ಮೇಡಂ, ಒಂದು ಹುಬ್ಬು ಹಂಗೇ ಬಿಟ್ರಲ್ಲ?" ಎಂದಳು ಆಕೆ, ಕಣ್ಣು ಮುಚ್ಚಿಕೊಂಡೇ. ಏನೂ ಇಲ್ಲಮ್ಮ ಎಂದೆ. ಏನೂ ಇಲ್ಲದೆ ಏನು? ನಾನಾಗಲೇ ನಿಟ್ಟೂರಿನಲ್ಲಿದ್ದೆ, ನಮ್ಮ ಮದುವೆಯಾದ ವರ್ಷದ ಬೇಸಿಗೆಯಲ್ಲಿ.

ಶಿವಮೊಗ್ಗದ ಅರ್ಧ ಮದುವಣಗಿತ್ತಿಯರಿಗೆ ಜಡೆ ಹೆಣೆದವಳು ನಾನು. ನನ್ನ ತಲೆಗೆ ಮೊಗ್ಗಿನ ಜಡೆ ಏರುವಷ್ಟರಲ್ಲಿ ಕೂದಲಿಗೆ ಬಣ್ಣ ಹಚ್ಚುವ ವಯಸ್ಸಾಗಿತ್ತು. ಇವರು, ಅಂದರೆ ನನ್ನ ಗಂಡ ಜಗದೀಶ, ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ನನಗೆ ಮೊದಲನೆಯ ಮದುವೆ, ಇವರಿಗೆ ಎರಡನೆಯದು. ಮೊದಲನೆಯವಳು ಸುನಂದಾ, ನಿಟ್ಟೂರಿನ ಮಗಳು. ಕಿಡ್ನಿ ಹಾಳಾಗಿ, ವರ್ಷಗಟ್ಟಲೆ ಆಸ್ಪತ್ರೆಗೆ ಓಡಾಡಿ ತೀರಿಹೋದವಳು. ನಾನು ಅವಳನ್ನು ನೋಡಿಲ್ಲ. ಮದುವೆಯ ದಿನ ನಮ್ಮ ಸೋದರತ್ತೆ ನನ್ನ ಕೆನ್ನೆ ಹಿಂಡಿ, "ಪುಣ್ಯವಂತೆ ಕಣೇ, ಸಿದ್ಧವಾಗಿರೋ ಮನೆಗೆ ಹೋಗ್ತಿದೀಯ" ಎಂದಳು. ಅವಳೇನೋ ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಇನ್ನೊಬ್ಬಳು ಅರ್ಧಕ್ಕೇ ಎದ್ದುಹೋದ ಎಲೆಯ ಮುಂದೆ ಕೂತ ಹಾಗಾಯಿತು.

ಹನಿಮೂನಿಗೆ ಕೊಡೈಕೆನಾಲ್ ಎಂದು ನಾನು ಆಸೆಪಟ್ಟಿದ್ದು ನಿಜ. ಸ್ವೆಟರ್ ಕೂಡ ಕೊಂಡಿದ್ದೆ. ಇವರು ತಲೆ ಕೆರೆದುಕೊಂಡು, "ಪರೀಕ್ಷೆ ಮುಗಿದ್ರೆ ಕಾಲೇಜು ಹುಡುಗ್ರೆಲ್ಲ ಡ್ರೈವಿಂಗ್ ಕಲಿಯೋಕೆ ಬರ್ತಾರೆ. ಅಷ್ಟರೊಳಗೆ ಸಾಗರ, ತೀರ್ಥಹಳ್ಳಿ, ಹೊಸನಗರ ಒಂದು ಸುತ್ತು ಹಾಕೋಣ. ನೋಡೋದಿಕ್ಕಲ್ಲ, ತಿನ್ನೋದಿಕ್ಕೆ" ಎಂದರು. ತಿನ್ನುವ ಮಾತು ಬಂದ ಮೇಲೆ ನಾನೆಲ್ಲಿ ಬೇಡ ಅಂದೇನು? ಹುಟ್ಟಾ ತಿಂಡಿಪೋತಿ ನಾನು. ಸ್ವೆಟರನ್ನು ಬೀರುವಿಗೆ ತುರುಕಿ ಹೊರಟೇಬಿಟ್ಟೆ.

ಕಾರು ಯಾವುದು ಎನ್ನುತ್ತೀರಿ? ಸ್ಕೂಲಿನದೇ. ಮುಂದೊಂದು ಹಿಂದೊಂದು ಕೆಂಪು ಎಲ್ ಬೋರ್ಡು, ಎರಡೂ ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಸ್ಕೂಲಿನ ಹೆಸರು. ಕಲಿಸುವವರು ಕೂರುವ ಎಡಗಡೆ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ಆ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡು ನಾನು. "ಕಾಲು ಮಾತ್ರ ಮಡಚಿಕೊಂಡು ಕೂತ್ಕೋ ಮಾರಾಯ್ತಿ" ಎಂದು ಇವರು ಕೈಮುಗಿದರು. ಹೊಸ ಹೆಂಡತಿಗೆ ಗಂಡ ಆಡಿದ ಮೊದಲ ಪ್ರೇಮದ ಮಾತು ಅದು!

ಸಾಗರ ಮುಟ್ಟುವಷ್ಟರಲ್ಲಿ ಹಸಿವು ಜೋರಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಖಾಲಿ ದೋಸೆಯ ಮೇಲೆ ಜೋನಿಬೆಲ್ಲ ಸುರಿಸಿಕೊಂಡು ತಿಂದೆವು. ನೀರಿನಂಥ ಆ ಬೆಲ್ಲ ಮೊಣಕೈವರೆಗೆ ಇಳಿದರೂ ನಾನು ನಾಚಿಕೊಳ್ಳಲಿಲ್ಲ. ಆಮೇಲೆ ಒಂದು ಮನೆಗೆ ಹೋಗಿ ತೊಡೆದೇವು ಮಾಡುವುದನ್ನು ನೋಡಿದೆವು. ಬೋರಲು ಹಾಕಿದ ಮಡಕೆಯ ಬೆನ್ನಿಗೆ ಆ ಹೆಂಗಸು ಕಬ್ಬಿನ ಹಾಲಿನ ಹಿಟ್ಟನ್ನು ಬಟ್ಟೆಯಲ್ಲಿ ಒಮ್ಮೆ ಎಳೆದರೆ ಸಾಕು, ಕಾಗದದಷ್ಟು ತೆಳ್ಳಗಿನ ಸಿಹಿ ಎದ್ದು ಬರುತ್ತಿತ್ತು. ಕಟ್ಟಿಸಿಕೊಂಡದ್ದರಲ್ಲಿ ಅರ್ಧ ಕಾರಿಗೆ ಬರುವ ಮೊದಲೇ ಖಾಲಿ. ಇವರು ನನ್ನ ತುಟಿಯ ಮೇಲಿನ ಪುಡಿ ಒರೆಸಿ ನಕ್ಕರು. ಎಷ್ಟು ಚೆಂದ ನಗುತ್ತಾರಪ್ಪ ಇವರು ಎಂದು ನನಗೆ ಗೊತ್ತಾದದ್ದೇ ಅವತ್ತು.

ಮಧ್ಯಾಹ್ನ ಎಲೆ ಊಟ. ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ, ಕೊನೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಇವರು ಒಂದು ಮಿಡಿಯನ್ನು ಇಡಿಯಾಗಿ ಬಾಯಿಗಿಟ್ಟು ಕಚ್ಚಿದರು. ಕಣ್ಣಲ್ಲಿ ದಳದಳ ನೀರು. "ಇಷ್ಟೇನಾ ನಿಮ್ಮ ಗಂಡಸ್ತನ, ಒಂದು ಮಿಡಿಗೇ ಅತ್ತುಬಿಟ್ರಲ್ಲ!" ಎಂದು ನಾನು ಪಕ್ಕದ ಎಲೆಯವರಿಗೂ ಕೇಳುವ ಹಾಗೆ ಗೇಲಿ ಮಾಡಿದೆ. ಇವರು ನಗಲಿಲ್ಲ.

"ಖಾರಕ್ಕಲ್ಲ ಶೈಲಾ" ಎಂದರು. "ಉಪ್ಪಿನಕಾಯಿ ತಿನ್ನದೆ ಎಷ್ಟು ವರ್ಷ ಆಯ್ತೋ. ಅವಳಿಗೆ ಡಾಕ್ಟ್ರು ಉಪ್ಪು ಬಿಡಿಸಿದ್ರು. ನೀರೂ ಲೋಟದಲ್ಲಿ ಅಳೆದು ಕೊಡಬೇಕು. ಅವಳ ಎದುರಿಗೆ ನಾನು ಹೆಂಗೆ ಚಪ್ಪರಿಸ್ಕೊಂಡು ತಿನ್ನಲಿ? ನಾನೂ ಬಿಟ್ಟೆ. ಅವಳು ಹೋದ ಮೇಲೂ ಬಾಯಿಗೆ ಇಡೋಕೆ ಮನಸ್ಸು ಬರ್ಲಿಲ್ಲ. ಇವತ್ತು ನೀನು ತಿನ್ನೋದು ನೋಡಿ ಮರ್ತೇಬಿಟ್ಟೆ ನೋಡು."

ನನ್ನ ಕೈಯಲ್ಲಿ ಎರಡನೆಯ ಸಲ ಕೇಳಿ ಹಾಕಿಸಿಕೊಂಡ ಹಪ್ಪಳವಿತ್ತು. ಮುರಿದರೆ ಸದ್ದಾಗುತ್ತದಲ್ಲ ಎಂದು ಹಾಗೇ ಎಲೆಯ ತುದಿಗೆ ಸರಿಸಿದೆ. ಅವತ್ತಿನಿಂದ ಶುರುವಾಯಿತು ನನ್ನ ಸಂಕಟ. ಏನು ತಿಂದರೂ ರುಚಿ, ರುಚಿ ಅನಿಸಿದ ಮರುಕ್ಷಣ ಪಾಪ.

ಮಾರನೆಯ ದಿನ ರಿಪ್ಪನ್‌ಪೇಟೆಯ ಮೇಲೆ ತೀರ್ಥಹಳ್ಳಿಗೆ ಬಂದೆವು. ಬಿಸಿಲಿಗೆ ರಸ್ತೆ ಬದಿಯ ಗಿಡಗಳೆಲ್ಲ ಕೆಂಪು ಧೂಳು ಹೊದ್ದಿದ್ದವು, ತುಂಗೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು. ಅಕ್ಕಿ ರೊಟ್ಟಿ, ಹೊಳೆ ಮೀನಿನ ಸಾರು ಉಂಡೆವು. ಇವರು ಉಣ್ಣುವಾಗಲೆಲ್ಲ ನಾನು ಕದ್ದು ಮುಖ ನೋಡುತ್ತಿದ್ದೆ, ಇವರು ನನ್ನದನ್ನು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಚಪ್ಪರಿಸಿದ್ದೇ ಬಂತು.

ಮೂರನೆಯ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದಾಗ ಪಕ್ಕದ ಮೇಜಿನವನೊಬ್ಬ ಹೊರಗೆ ನಿಂತ ನಮ್ಮ ಕಾರನ್ನೂ ಇವರನ್ನೂ ನೋಡಿ ಎದ್ದು ಬಂದ. "ಶಿವಮೊಗ್ಗದವ್ರಲ್ವನ್ರೀ? ನಿಟ್ಟೂರು ಗಿರಣಿ ಮಂಜಣ್ಣನ ಭಾವ?" ಇವರು ಹೌದೆಂದರು. ಅವನು ನನ್ನ ಕಡೆ ನೋಡಿದ. "ಇವ್ರು..." ಎಂದರು ಇವರು. "ಇವ್ರು ನಮ್ಮ..." ಹೊಸ ಕರಿಮಣಿ ಕತ್ತಿನಲ್ಲಿ ಹೊಳೆಯುತ್ತಿತ್ತು, ಹೆಂಡತಿ ಎನ್ನಲು ಇವರಿಗೆ ಬಾಯಿ ಬರಲಿಲ್ಲ. ನಾನೇ "ನಮಸ್ಕಾರ, ನಾನು ಶೈಲಾ" ಎಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಕ್ಕಿಬಿದ್ದ ಕಳ್ಳಿಯ ಹಾಗೆ ಮುಖ ಬಿಸಿಯಾಯಿತು, ಅಷ್ಟೇ.

ಕಾರಿಗೆ ಬಂದ ಮೇಲೆ ಇವರು ಬಾಯಿಬಿಟ್ಟರು. ನಾವು ಮೈಸೂರಿಗೆ ಹೋಗುತ್ತೇವೆಂದು ನಿಟ್ಟೂರಿನ ಅತ್ತೆಗೆ, ಅಂದರೆ ಸುನಂದಳ ಅಮ್ಮನಿಗೆ, ಹೇಳಿದ್ದರಂತೆ. ನಮ್ಮವರಲ್ಲಿ ಒಂದು ಪದ್ಧತಿಯಿದೆ. ಹೆಂಡತಿ ತೀರಿಹೋದವನು ಮತ್ತೆ ಮದುವೆಯಾದರೆ, ಬಂದವಳನ್ನು ಮೊದಲನೆಯವಳ ತವರಿನವರು ಮನೆಗೆ ಕರೆದು, ಊಟ ಹಾಕಿ, ಅಕ್ಕಿ ಕಾಯಿ ಇಟ್ಟು ಮಡಿಲು ತುಂಬುತ್ತಾರೆ. ಅವತ್ತಿನಿಂದ ಅವಳು ಆ ಮನೆಯ ಮಗಳು. ಅತ್ತೆ ಮದುವೆಗೆ ಬಂದಿರಲಿಲ್ಲ. ಆದರೆ ಆಮೇಲೆ ಎರಡೆರಡು ಸಲ ಕರೆದಿದ್ದರಂತೆ. ಇವರೇ ನೆವ ಹೇಳಿ ತಪ್ಪಿಸಿಕೊಂಡಿದ್ದರು. ತಪ್ಪಿಸಿಕೊಂಡವರು ಬೇರೆ ದಿಕ್ಕಿಗಾದರೂ ಹೋಗಬೇಕೋ ಬೇಡವೋ? ಹೆಸರು ಬರೆಸಿಕೊಂಡ ಕಾರಿನಲ್ಲಿ, ಕೆಂಪು ಬೋರ್ಡು ಸಿಕ್ಕಿಸಿಕೊಂಡು, ಅವರ ಊರಿನ ಸುತ್ತಮುತ್ತಲೇ ಕದ್ದು ಓಡಾಡುವ ಜಾಣ ನನ್ನ ಗಂಡ ಒಬ್ಬನೇ ಇರಬೇಕು.

ಕವಲೇದುರ್ಗದ ಕೋಟೆಯ ಬುಡದಲ್ಲಿ ಕಾರು ನಿಲ್ಲಿಸಿ ಇವರು ಮಜ್ಜಿಗೆ ತರಲು ಹೋದರು. ಸೀಟಿನ ಮೇಲೆ ಬಿಟ್ಟುಹೋದ ಫೋನು ಹೊಡೆದುಕೊಂಡಿತು. 'ನಿಟ್ಟೂರು ಅತ್ತೆ'. ಎರಡು ಸಲ ನಿಂತು ಮೂರನೆಯ ಸಲ ಬಂದಾಗ ತಡೆಯಲಾಗದೆ ಎತ್ತಿದೆ.

"ಯಾರು, ಶೈಲನಾ?" ಎಂದಿತು ಒಂದು ಗಟ್ಟಿ ದನಿ. ಹೂಂ ಎಂದೆ.

"ಎಂತ, ಮೈಸೂರಲ್ಲಿ ಬಿಸಿಲು ಜೋರನಾ?"

ನಾನು ಕಿಟಕಿಯಿಂದ ಕತ್ತು ಚಾಚಿ ಇವರನ್ನು ಹುಡುಕಿದೆ. ಆ ಕಡೆ ಒಂದು ಸಣ್ಣ ನಗು. "ಹೆದರ್ಕಬೇಡ ಮಾರಾಯ್ತಿ. ತೀರ್ಥಳ್ಳಿಯಿಂದ ಆಗ್ಲೇ ಸುದ್ದಿ ಬಂತು. ಕೋಳಿ ಹಿಡ್ಸಿದೀನಿ. ಕಡುಬಿಗೆ ತರಿ ಆಗ್ತಾ ಇದೆ. ಊಟದ ಹೊತ್ತಿಗೆ ಬಂದ್ಬಿಡಿ." ಅಷ್ಟು ಹೇಳಿ ಫೋನ್ ಇಟ್ಟೇಬಿಟ್ಟರು.

ಮಜ್ಜಿಗೆ ತಂದವರಿಗೆ ಹೇಳಿದೆ. ಇವರು ಲೋಟವನ್ನು ನನ್ನ ಕೈಗೆ ಕೊಟ್ಟು ಗಾಡಿ ಹತ್ತಿದರು. ಕೋಟೆ ಹತ್ತುವ ಮಾತೇ ಬರಲಿಲ್ಲ. ನಗರ ಎಂಬ ಊರಿನ ಹತ್ತಿರ ದಾರಿ ಎರಡಾಗುತ್ತದೆ, ಒಂದು ನಿಟ್ಟೂರಿಗೆ, ಇನ್ನೊಂದು ಹೊಸನಗರಕ್ಕೆ. ಹೊಸನಗರ ಹಿಡಿದರೆ ಸಂಜೆಗೆ ಶಿವಮೊಗ್ಗದ ಮನೆ. ಇವರು ಸ್ಟೀರಿಂಗ್ ಹೊಸನಗರದ ಕಡೆಗೇ ಹಿಡಿದಿದ್ದರು, ಇಂಡಿಕೇಟರ್ ಕೂಡ ಹಾಕಿರಲಿಲ್ಲ.

ಆಗ ನಾನು ಮಡಚಿಟ್ಟುಕೊಂಡಿದ್ದ ಕಾಲು ಚಾಚಿ ಬ್ರೇಕು ಒತ್ತಿದೆ.

ಕಾರು ಗಕ್ಕನೆ ನಿಂತು ಆಫ್ ಆಯಿತು. ಹಿಂದಿನ ಜೀಪಿನವನು ಹಾರ್ನ್ ಬಡಿದು, ಪಕ್ಕಕ್ಕೆ ಬಂದು, ಎಲ್ ಬೋರ್ಡ್ ನೋಡಿ, "ಕಲಿಯೋರಾದ್ರೆ ಮೈದಾನಕ್ಕೆ ಹೋಗಿ ಕಲೀರಿ ಮಾರಾಯ್ರೇ!" ಎಂದು ಇವರಿಗೇ ಬೈದು ಹೋದ. ಅರ್ಧ ಊರಿಗೆ ಗಾಡಿ ಕಲಿಸಿದ ಮನುಷ್ಯ! ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ಹುಚ್ಚು ಹಿಡಿದಿದ್ಯಾ ನಿಂಗೆ?" ಎಂದರು ಇವರು.

"ತಿರುಗಿಸಿ."

"ಯಾವ ಮುಖ ಇಟ್ಕೊಂಡು ಹೋಗಲಿ ಶೈಲಾ? ಅವರ ಮಗಳನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ನನ್ ಕೈಲಿ. ಈಗ ಊರೂರು ತಿಂದ್ಕೊಂಡು, ಪಕ್ಕದಲ್ಲಿ ಹೊಸ ಹೆಂಡ್ತಿ ಕೂರಿಸ್ಕೊಂಡು ಹೋಗಿ, ಅತ್ತೆ ಎಲೆ ಹಾಕಿ ಅನ್ನಲಾ?"

"ನಂಗೂ ಹೆದರಿಕೆ ಇದೆ ರೀ" ಎಂದೆ. "ಆದ್ರೆ ಇವತ್ತು ದಾಟಿ ಹೋದ್ರೆ ಜೀವ ಇರೋವರೆಗೂ ಕದ್ದು ತಿಂದವರ ಥರಾನೇ ಬಾಳ್ಬೇಕು. ನಂಗೆ ಹಂಗೆ ಬೇಡ. ಅವ್ರು ಬಯ್ಯೋದಾದ್ರೆ ಎದುರಿಗೇ ಬಯ್ಲಿ." ನನಗೆ ಬೇಕಾಗಿದ್ದದ್ದು ಅಷ್ಟೇ. ಇವರ ಜೊತೆ ನಗುವುದಕ್ಕೆ ಆ ಒಂದು ಮನೆಯಿಂದ ಒಂದು ಒಪ್ಪಿಗೆ.

ಇವರು ಸ್ಟೀರಿಂಗಿಗೆ ಒಮ್ಮೆ ಹಣೆ ಹಚ್ಚಿದರು. ಆಮೇಲೆ ಗಾಡಿ ತಿರುಗಿಸಿದರು.

ಗಿರಣಿ ರಸ್ತೆಗೇ ಇತ್ತು, ಮನೆ ಅದರ ಹಿಂದೆ. ಬಾಗಿಲಲ್ಲೇ ಆ ಘಮ, ಬಿಸಿ ಅಕ್ಕಿ ತರಿಯದು. ಸುನಂದಳ ತಮ್ಮ ಮಂಜಣ್ಣ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಓಡಿ ಬಂದ. "ಬಂದ್ರಾ ಭಾವ? ಬನ್ನಿ ಅಕ್ಕ, ಒಳಗೆ ಬನ್ನಿ." ಅಕ್ಕ ಎಂದ! ಅವನ ಹೆಂಡತಿ ಲತಾ ಕಾಲಿಗೆ ನೀರು ಕೊಟ್ಟಳು. ಒಳಗೆ ಗೋಡೆಯ ಮೇಲೆ ಸುನಂದಳ ಫೋಟೋ. ತುಂಟಿಯ ಮುಖ, ಒಂದು ಕಡೆ ಸೊಟ್ಟ ಹಲ್ಲು. ನಾನು ಅವಳನ್ನು ದೇವರ ಹಾಗೆ ಏನೇನೋ ಕಲ್ಪಿಸಿಕೊಂಡಿದ್ದೆ. ಇವಳು ನೋಡಿದರೆ ಪಾರ್ಲರಿಗೆ ಬಂದು ಚೌಕಾಸಿ ಮಾಡುವ ಹುಡುಗಿಯ ಹಾಗಿದ್ದಳು. ಅದಕ್ಕೇ ಫೋಟೋದಿಂದ ಕಣ್ಣು ತಪ್ಪಿಸಿದೆ.

ಒಳಗಿನಿಂದ ಸುನಂದಳ ಅಮ್ಮ ಬಂದರು. ಎತ್ತರದ ಹೆಂಗಸು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಳಿಯನ ಕಡೆ ತಿರುಗಿ, "ಮೈ ಬಂದಿದೆ ಅಳಿಯಂದ್ರಿಗೆ" ಎಂದರು. ಇವರು ತಲೆ ತಗ್ಗಿಸಿದರು. ಹೊಗಳಿಕೆಯೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ.

"ದಿನಾ ಅಡುಗೆ ನಂದೇ ಅಕ್ಕ" ಎಂದಳು ಲತಾ ಎಲೆ ಹಾಕುತ್ತಾ. "ಇವತ್ತು ಅತ್ತೆ ನನ್ನ ಒಳಗೇ ಬಿಡ್ಲಿಲ್ಲ. ಮಗಳಿಗೆ ನಾನೇ ಮಾಡ್ತೀನಿ ಅಂತ ಒಬ್ರೇ ನಿಂತ್ರು."

ಮಂಜಣ್ಣನನ್ನು ಯಾರೋ ಗಿರಣಿಗೆ ಕರೆದರು, ಆಮೇಲೆ ಉಣ್ಣುತ್ತೇನೆಂದು ಹೋದ. ನಾವಿಬ್ಬರೇ ಕೂತೆವು. ಹಬೆಯಾಡುವ ಕಡುಬು, ಮೇಲೆ ಕೆಂಪಗಿನ ಕೋಳಿ ಸಾರು. ಕಡುಬು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಉಪ್ಪಿಲ್ಲ. ಕಡಿಮೆಯಲ್ಲ, ಇಲ್ಲವೇ ಇಲ್ಲ. ಕಡುಬಿಗೂ ಇಲ್ಲ, ಸಾರಿಗೂ ಇಲ್ಲ.

ಇವರ ಕಡೆ ನೋಡಿದೆ. ಮೊದಲ ತುತ್ತು ಬಾಯಲ್ಲೇ ಇತ್ತು, ದವಡೆ ನಿಂತಿತ್ತು. ಆಮೇಲೆ ನುಂಗಿದರು. ಇನ್ನೊಂದು ತುತ್ತು ಮುರಿದರು. ತಲೆ ಎತ್ತಲೇ ಇಲ್ಲ.

ನನ್ನ ಬುದ್ಧಿ ಎಷ್ಟು ಕೆಟ್ಟದು ನೋಡಿ. ಬೇಕೆಂದೇ ಮಾಡಿದ್ದಾರೆ ಅಂದುಕೊಂಡೆ. ನನ್ನ ಮಗಳು ಉಂಡದ್ದನ್ನು ನೀನೂ ಉಣ್ಣು, ಆಗ ಗೊತ್ತಾಗುತ್ತದೆ ಎಂದು ಬಡಿಸಿದ್ದಾರೆ. ಆಗಲಿ, ನನಗೆ ಇದೇ ಸರಿ, ದಾರಿಯುದ್ದಕ್ಕೂ ತಿಂದದ್ದಕ್ಕೆ ಇದೇ ಶಿಕ್ಷೆ ಎಂದು ಹಲ್ಲು ಕಚ್ಚಿ ಉಂಡೆ. ಅಮ್ಮ ಎದುರಿಗೇ ನಿಂತಿದ್ದರು. "ಹೆಂಗಿದೆ?" ಎಂದರು.

"ತುಂಬಾ ಚೆನ್ನಾಗಿದೆ ಅಮ್ಮ."

ಅವರ ಮುಖ ಅರಳಿತು. ಬೇಡ ಬೇಡವೆಂದರೂ ಇನ್ನೆರಡು ಕಡುಬು ಬಿತ್ತು. ಆ ಖುಷಿ ನೋಡಿ ನನಗೆ ಗೊಂದಲವಾಯಿತು. ಶಿಕ್ಷೆ ಕೊಡುವವರು ಹೀಗೆ ಹಿಗ್ಗುತ್ತಾರೆಯೇ?

ಅಷ್ಟರಲ್ಲಿ ಮಂಜಣ್ಣ ಕೈ ತೊಳೆದುಕೊಂಡು ಬಂದು ನಮ್ಮ ಪಂಕ್ತಿಯಲ್ಲೇ ಕೂತ. ಒಂದು ತುತ್ತು ಬಾಯಿಗಿಟ್ಟವನೇ, "ಅವ್ವಾ! ಎಂತ ಇದು, ಉಪ್ಪೇ ಹಾಕಿಲ್ವಲ್ಲೇ!" ಎಂದ.

ಉಣ್ಣುವವರಿಗೆ ಬಡಿಸುವ ಮುಂಚೆ ಅಡುಗೆಯ ರುಚಿ ನೋಡಿ ಎಂಜಲು ಮಾಡುವವರಲ್ಲ ಆ ಅಮ್ಮ. ಈಗ ಸೌಟಿನ ತುದಿಗೆ ಬೆರಳು ಹಚ್ಚಿ ನಾಲಿಗೆಗಿಟ್ಟುಕೊಂಡರು. ಹಾಗೇ ಗೋಡೆಗೆ ಒರಗಿ ಕುಸಿದು ಕೂತರು.

"ಮಗಳಿಗೆ ಅಂತ ಮಾಡ್ದೆ ನೋಡು" ಎಂದರು, ಯಾರಿಗೆಂದಿಲ್ಲದೆ. "ಮಗಳಿಗೆ ಅಂದ್ಕೊಂಡ್ರೆ ಕೈ ಉಪ್ಪಿನ ಡಬ್ಬಿ ಹತ್ರ ಹೋಗೋದೇ ಇಲ್ಲ."

ಇಂಥವರ ಮೇಲೆ ಎಂಥ ಯೋಚನೆ ಮಾಡಿದ್ದೆನಲ್ಲ ನಾನು! ಥೂ ನನ್ನ ಜನ್ಮಕ್ಕೆ ಎಂದುಕೊಂಡೆ. ಅವರು ತಟ್ಟನೆ ನನ್ನ ಕಡೆ ತಿರುಗಿದರು.

"ನೀ ಯಾಕೆ ಹೇಳ್ಲಿಲ್ಲ? ಅಷ್ಟು ಉಂಡ್ಯಲ್ಲ, ಬಾಯಿ ಇರ್ಲಿಲ್ವಾ ನಿಂಗೆ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರು! ಅವಳು ನಿನ್ನ ಹಂಗೆ ಸುಮ್ನೆ ಉಣ್ತಿರ್ಲಿಲ್ಲ ಗೊತ್ತಾ? ಇಲ್ಲಿಗೆ ಬಂದಾಗೆಲ್ಲ ತಟ್ಟೆ ನೂಕ್ತಿದ್ಲು. ಈ ಮನೆ ಹಾರಿಹೋಗೋ ಹಂಗೆ ಜಗಳ ಆಡ್ತಿದ್ಲು. ಒಂದು ಹರಳು ಉಪ್ಪು ಹಾಕೇ ಅವ್ವ, ಒಂದೇ ಒಂದು ಹರಳು, ಸತ್ರೆ ಸಾಯ್ತೀನಿ ಅಂತಿದ್ಲು. ಹಾಕ್ಲಿಲ್ಲ ನಾನು. ಡಬ್ಬಿನೇ ಬಚ್ಚಿಟ್ಟೆ." ಸೆರಗು ಬಾಯಿಗೆ ಒತ್ತಿಕೊಂಡರು. "ಹಾಕದಿದ್ರೂ ಉಳೀಲಿಲ್ಲ. ಹಾಕಿದ್ರೆ ಉಂಡಾದ್ರೂ ಹೋಗ್ತಿದ್ಲು."

ಇವರು ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಇಷ್ಟು ದಿನ ತಪ್ಪೆಲ್ಲ ತನ್ನದೊಬ್ಬನದೇ ಎಂದುಕೊಂಡಿದ್ದ ಮನುಷ್ಯ. ಆ ಮನೆಯಲ್ಲಿ ಎಲ್ಲರ ಹೊಟ್ಟೆಯಲ್ಲೂ ಅದೇ ಕೂತಿತ್ತು. ಮಂಜಣ್ಣ ಎದ್ದು ಹೋಗಿ ಭಾವನ ಬೆನ್ನ ಮೇಲೆ ಕೈಯಿಟ್ಟ.

ಅಮ್ಮನೇ ಮೊದಲು ಎದ್ದರು. ಮೂಗು ಒರೆಸಿಕೊಂಡು, "ಯಾರೂ ಏಳ್ಬೇಡಿ, ಹೊಟ್ಟೇಲಿ ಜಾಗ ಇಟ್ಕಳಿ" ಎಂದು ಹೇಳಿ ಸಾರಿಗೆ ಉಪ್ಪು ಹಾಕಿ ಮತ್ತೆ ಕುದಿಸಿದರು. ಲತಾ ಹೊಸ ಎಲೆ ಹಾಕಿದಳು. ಮತ್ತೆ ಕೂತೆವು, ಎರಡನೆಯ ಊಟಕ್ಕೆ.

ಅಯ್ಯೋ, ಆ ಸಾರು! ಉಪ್ಪು ಬಿದ್ದದ್ದೇ ಮೆಣಸು, ಕಾಯಿ, ಹುರಿದ ಮಸಾಲೆ ಒಂದೊಂದೂ ಎದ್ದು ಕೂತಿದ್ದವು. ಮೂರು ದಿನ ಮೂರು ತಾಲ್ಲೂಕು ಸುತ್ತಿ ತಿಂದದ್ದೆಲ್ಲ ಅದರ ಮುಂದೆ ಏನೇನೂ ಅಲ್ಲ. ನನ್ನ ಕೈ ನಿಲ್ಲಲಿಲ್ಲ, ಸುಳ್ಳೇಕೆ ಹೇಳಲಿ, ಬೆರಳು ನೆಕ್ಕಿದೆ. ಫೋಟೋದಲ್ಲಿ ಅವಳು ಸೊಟ್ಟ ಹಲ್ಲು ಬಿಟ್ಟುಕೊಂಡು ನೋಡುತ್ತಲೇ ಇದ್ದಳು. ಅವಳ ಅವ್ವ, ಅವಳ ಅವ್ವನ ಕೈಯಡುಗೆ. ಅವಳು ಕೇಳಿ ಕೇಳಿ ಸಿಗದೆ ಹೋದದ್ದು ನಾನು ಕೇಳದೆಯೇ ನನ್ನ ಎಲೆಗೆ ಬಂದು ಬಿದ್ದಿತ್ತು.

ಅಮ್ಮ ಬಗ್ಗಿ ಕೇಳಿದರು, "ಈಗ ಸರಿ ಆಯ್ತನೇ ಉಪ್ಪು?"

ಉಪ್ಪು ಸರಿಯಾಗಿಯೇ ಇತ್ತು, ಚಿಟಿಕೆ ಹೆಚ್ಚಿಲ್ಲ, ಚಿಟಿಕೆ ಕಮ್ಮಿಯಿಲ್ಲ. ನನ್ನ ಬಾಯಿಗೆ ಅದು ಹೇಗೆ ಬಂತೋ. ಇನ್ನೊಬ್ಬಳ ಮಾತನ್ನು ಹಾಗೆ ಎತ್ತಿಕೊಂಡದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ.

"ಇಲ್ಲ ಅವ್ವ" ಎಂದೆ. "ಇನ್ನೊಂದು ಹರಳು ಹಾಕೇ."

ಇವರು ಬೆಚ್ಚಿ ನನ್ನ ಕಡೆ ನೋಡಿದರು. ಅವ್ವ ಬಗ್ಗಿದವಳು ಬಗ್ಗಿದ ಹಾಗೇ ನಿಂತಳು. ಆಮೇಲೆ ಒಳಗೆ ಹೋದಳು. ಬಂದಾಗ ಬಲಗೈ ಮುಷ್ಟಿ ಕಟ್ಟಿತ್ತು. ನನ್ನ ಎಲೆಯ ಮೇಲೆ ಮುಷ್ಟಿ ಬಿಚ್ಚಿದಳು. ಒಂದು ಹರಳಲ್ಲ, ಒಂದು ಹಿಡಿ.

"ತಗಾ" ಎಂದಳು. "ತಿನ್ನು ಮಗಳೇ."

ನಾನು ಅಷ್ಟನ್ನೂ ಸಾರಿಗೆ ಕಲಸಿಕೊಂಡೆ. ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಎಲೆಯಲ್ಲಿ ಒಂದು ತುಣುಕೂ ಬಿಡದೆ ಉಂಡೆ.